ಚೈನಿನಿಂದ ಬಿಡಿಸಿ ತಂದ ಮುಧೋಳ ನಾಯಿಯನ್ನು ಇನ್ನೂ ಹಚ್ಚಿಕೊಳ್ಳುವ ಮೊದಲೇ ಬೇರೆ ಮನೆಗೆ ಕೊಟ್ಟುಬಿಡಲೇ?

ಮೂರು ವಾರ ಆಗಿದೆ, ಮೈ ತುಂಬುತ್ತಿದೆ, ನಿಮ್ಮ ಹಿಂದೆಯೇ ಸುತ್ತುತ್ತಿದೆ, ಕೇಳುವವರೂ ಸಿಕ್ಕಿದ್ದಾರೆ ಅಂತ ಬರೆದಿದ್ದೀರಿ. ಇದೇ ಲೆಕ್ಕ ಹಾಕಿ ನಾನೂ ಒಂದು ಮುಧೋಳವನ್ನು ಇಪ್ಪತ್ತನೇ ದಿನಕ್ಕೆ ಕೊಟ್ಟೆ. ಎರಡು ಗಂಟೆಯೊಳಗೆ ಅದು ಮದ್ದೂರಿನಾಚೆ ಕಬ್ಬಿನ ಗದ್ದೆ ಸೇರಿತ್ತು. ಹೊಸ ಮನೆಯವರ ಕೈಯಲ್ಲಿ ಉಳಿದದ್ದು ಬೆಲ್ಟು, ಅದಕ್ಕೆ ನೇತುಬಿದ್ದಿದ್ದ ನನ್ನ ಫೋನ್ ನಂಬರಿನ ಬಿಲ್ಲೆ.

ತಪ್ಪು ಅವರದಲ್ಲ, ನನ್ನದು. ಚೈನು ಕೊರೆದಿದ್ದ ಕೊರಳಿನ ಗಾಯ ಆಗಷ್ಟೇ ಒಣಗಿ ಹೊಸ ಚರ್ಮ ಬಂದಿತ್ತು. ಉಜ್ಜದಿರಲಿ ಅಂತ ಬೆಲ್ಟನ್ನು ಒಂದೇ ಒಂದು ತೂತು ಸಡಿಲ ಮಾಡಿದ್ದೆ. ಲ್ಯಾಬ್ರಡಾರ್ ಆಗಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ಮುಧೋಳದ ತಲೆ ಸಪೂರ, ಹೆಚ್ಚುಕಡಿಮೆ ಕೊರಳಿನಷ್ಟೇ ಸುತ್ತಳತೆ. ನಾಯಿ ಮುಂದಕ್ಕೆ ಎಳೆಯುವಾಗ ಬೆಲ್ಟು ಭದ್ರವಾಗಿಯೇ ಕಾಣುತ್ತದೆ. ಹೆದರಿ ಹಿಂದಕ್ಕೆ ಸರಿದು ತಲೆ ತಗ್ಗಿಸಿತೋ, ಬೆಲ್ಟು ಕಿವಿಗಳನ್ನು ಮಡಚಿಕೊಂಡು ಮೂತಿಯ ಕಡೆಯಿಂದ ಕಳಚಿ ಬರುತ್ತದೆ. ಚೈನಿನಲ್ಲೇ ಬೆಳೆದ ನಾಯಿಗೆ ಹಿಂದಕ್ಕೆ ಜಗ್ಗುವುದೇ ಅಭ್ಯಾಸ. ಮೂತ್ರಕ್ಕೆ ಅಂತ ಅವರು ಹೆದ್ದಾರಿ ಪಕ್ಕ ಇಳಿಸಿದರು, ಲಾರಿ ಹಾರ್ನ್ ಹೊಡೆಯಿತು, ಅಷ್ಟೇ. ಚರ್ಮದಡಿ ಕೂರಿಸುವ ಗುರುತಿನ ಮೈಕ್ರೋಚಿಪ್ ಹಾಕಿಸಿರಲಿಲ್ಲ. ಅದರ ಗುರುತೆಲ್ಲ ಆ ಬೆಲ್ಟಿನಲ್ಲೇ ಇತ್ತು.

ಸಡಿಲ ಬಿಡದೆ ಬಿಗಿ ಮಾಡಿದರೆ ಸರಿಹೋಗುತ್ತಿತ್ತೇ? ಇಲ್ಲ. ತಲೆಯಿಂದ ಜಾರದಷ್ಟು ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ, ಗಾಯ ಮತ್ತೆ ಬಾಯಿಬಿಡುತ್ತದೆ. ಈ ಜಾತಿಗೆ ಬೇಕಾದದ್ದು ಮಾರ್ಟಿಂಗೇಲ್ ಬೆಲ್ಟು. ದೊಡ್ಡ ಪಟ್ಟಿಯ ಎರಡು ತುದಿಗೆ ಎರಡು ಬಳೆ, ಆ ಬಳೆಗಳೊಳಗೆ ಹಾಯುವ ಇನ್ನೊಂದು ಸಣ್ಣ ಕುಣಿಕೆ, ಹಗ್ಗ ಸಿಕ್ಕಿಸುವುದು ಸಣ್ಣ ಕುಣಿಕೆಗೆ. ಎಳೆದಾಗ ಬಿಗಿಯುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಅಳತೆ ತೆಗೆಯುವುದು ಕೊರಳಿನ ಬುಡದಲ್ಲಿ ಅಲ್ಲ, ಕಿವಿಯ ಹಿಂದೆ, ಕೊರಳು ಅತಿ ಸಣ್ಣಗಿರುವ ಜಾಗದಲ್ಲಿ. ಪೂರ್ತಿ ಎಳೆದಾಗ ಎರಡು ಬಳೆಗಳ ನಡುವೆ ಎರಡು ಬೆರಳು ಅಂತರ ಉಳಿಯಬೇಕು. ಬಳೆಗಳು ಒಂದಕ್ಕೊಂದು ತಾಗಿಬಿಟ್ಟರೆ ಅದು ಮಾಮೂಲಿ ಸಡಿಲ ಬೆಲ್ಟೇ. ಪಟ್ಟಿ ಒಂದೂವರೆಯಿಂದ ಎರಡು ಇಂಚು ಅಗಲವಿರಲಿ, ಒಳಗೆ ಮೆತ್ತನೆ ಬಟ್ಟೆ ಇರಲಿ. ಅಂಗಡಿಯಲ್ಲಿ ಸಿಗದಿದ್ದರೆ ಬ್ಯಾಗ್ ಹೊಲಿಯುವವರಿಗೆ ಚಿತ್ರ ತೋರಿಸಿ, ಹೊಲಿದು ಕೊಡುತ್ತಾರೆ. ಒಂಟಿಯಾಗಿ ಬಿಡುವಾಗ ಮಾತ್ರ ಇದನ್ನು ಬಿಚ್ಚಿಡಿ, ಕುಣಿಕೆ ಎಲ್ಲಾದರೂ ಸಿಕ್ಕಿಕೊಂಡರೆ ಉರುಳಾಗುತ್ತದೆ. ಬಿಲ್ಲೆಗೆ ಬೇರೆ ತೆಳು ಪಟ್ಟಿ. ಹೊರಗೆ ಹೊರಟಾಗ ಮಾರ್ಟಿಂಗೇಲ್ ಜೊತೆಗೆ ಎದೆಪಟ್ಟಿಯೂ (ಹಾರ್ನೆಸ್) ಇರಬೇಕು, ಎರಡಕ್ಕೂ ಬೇರೆಬೇರೆ ಹಗ್ಗ.

ಇನ್ನು ನಿಮ್ಮ ಪ್ರಶ್ನೆ. "ಹಚ್ಚಿಕೊಳ್ಳುವ ಮೊದಲೇ" ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಒಬ್ಬರನ್ನು ನಂಬಿ ಅಭ್ಯಾಸವಾದ ನಾಯಿ ಎರಡನೆಯವರನ್ನು ಬೇಗ ನಂಬುತ್ತದೆ. ಯಾರನ್ನೂ ನಂಬದ ಸ್ಥಿತಿಯಲ್ಲಿ ದಾಟಿಸಿದ ನಾಯಿ ಮೊದಲು ಹುಡುಕುವುದು ಗೇಟಿನ ಸಂದು. ಕನಿಷ್ಠ ಎಂಟು ವಾರ ಇಟ್ಟುಕೊಳ್ಳಿ. ಈ ಎಂಟನ್ನು ಸುಮ್ಮನೆ ಹೇಳುತ್ತಿಲ್ಲ. ಹಿಂದಿನ ದಾಖಲೆ ಇಲ್ಲದ ದೊಡ್ಡ ನಾಯಿಗೆ ಡಿಸ್ಟೆಂಪರ್, ಪಾರ್ವೊ ಎಂಬ ಮಾರಕ ವೈರಸ್ ರೋಗಗಳ ಲಸಿಕೆ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಬೇಕು, ರೇಬೀಸ್‌ನದು ಬೇರೆ. ಉಣ್ಣಿ ಜ್ವರ ಎರ್ಲಿಕಿಯಾ ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ. ಹತ್ತನೇ ದಿನಕ್ಕೆ ನಾಯಿ ಲವಲವಿಕೆಯಿಂದ ಓಡಾಡಿತು ಅಂತ ನಿಲ್ಲಿಸುವವರೇ ಹೆಚ್ಚು. ಆಮೇಲೆ ಮತ್ತೊಮ್ಮೆ ರಕ್ತ ನೋಡಿಸಬೇಕು, ಪ್ಲೇಟ್ಲೆಟ್ ಸಮೇತ. ಉಣ್ಣಿಯಿಂದಲೇ ಬರುವ ಇನ್ನೊಂದು ರೋಗ ಬಬೀಸಿಯಾ ಇದ್ದರೆ ಔಷಧಿಯೇ ಬೇರೆ. ಮೇಲ್ನೋಟಕ್ಕೆ ಗುಣವಾದ ನಾಯಿಯಲ್ಲೂ ಇವು ಅಡಗಿರುತ್ತವೆ, ಮನೆ ಬದಲಾದ ಗಾಬರಿಯಲ್ಲಿ ತಲೆ ಎತ್ತುತ್ತವೆ. ತೂಕ ಬಂದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ, ಹೊಲಿಗೆ ಮಾಯಲು ಹತ್ತು-ಹದಿನಾಲ್ಕು ದಿನ. ಡಾಕ್ಟರಿಗೆ ಇದು ಬೇಟೆ ನಾಯಿ ಜಾತಿ ಅಂತ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟಲ್ ತರಹದ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ತುಂಬ ಹೊತ್ತು ಹಿಡಿಯುತ್ತದೆ. ಅದೇ ದಿನ ಚಿಪ್ ಕೂಡ ಹಾಕಿಸಿ. ಹೆಗಲ ನಡುವೆ, ಒಂದು ಸೂಜಿ.

ತೂಕದ ವಿಷಯ. ಮುಧೋಳಕ್ಕೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ, ಅದನ್ನು ಲ್ಯಾಬ್ರಡಾರ್ ಮಾಡಲು ಹೋಗಬೇಡಿ. ನೋಡಬೇಕಾದ್ದು ಹಣೆಯ ಪಕ್ಕದ ಗುಳಿ, ಬೆನ್ನಮೂಳೆಯ ಗಂಟು, ತೊಡೆಯ ಮಾಂಸ. ಗುಳಿ ತುಂಬಿದ್ದರೆ ಸರಿದಾರಿಯಲ್ಲಿದ್ದೀರಿ.

ನೀವು ಮೊದಲ ವಾರ ದಾಟಿದ್ದೀರಿ. ಆದರೆ ನಾಳೆ ಇನ್ನೊಬ್ಬರು ಇಂಥದೇ ನಾಯಿ ತಂದು ಇದನ್ನು ಓದಬಹುದು, ಅವರಿಗೊಂದು ಮಾತು. ಹಸಿದು ಮೂಳೆ ಚಕ್ಕಳವಾದ ನಾಯಿಗೆ ಮೊದಲ ದಿನವೇ ಬೇಸಿನ್ ತುಂಬ ಮೊಸರನ್ನ ಇಡಬೇಡಿ. ಅನ್ನದ ಸಕ್ಕರೆಗೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿರುವ ಅಷ್ಟಿಷ್ಟು ಫಾಸ್ಫೇಟ್, ಪೊಟ್ಯಾಷಿಯಂ ಜೀವಕೋಶದೊಳಗೆ ಸೇರಿಹೋಗುತ್ತವೆ, ಚೇತರಿಸಿಕೊಳ್ಳುತ್ತಿದೆ ಅನ್ನುವಾಗಲೇ ಕಾಲು ಕುಸಿದು ಬೀಳುತ್ತದೆ. ಹೃದಯವೂ ನಿಲ್ಲಬಹುದು. ದಿನಕ್ಕೆಷ್ಟು ಕ್ಯಾಲರಿ ಅನ್ನುವ ಲೆಕ್ಕ ಸುಲಭ: ಈಗಿನ ತೂಕವನ್ನು (ಕೆ.ಜಿ.ಯಲ್ಲಿ) 30ರಿಂದ ಗುಣಿಸಿ 70 ಕೂಡಿಸಿ. 14 ಕೆ.ಜಿ. ನಾಯಿಗೆ 490 ಕ್ಯಾಲರಿ. ಮೊದಲ ದಿನ ಅದರ ಕಾಲುಭಾಗ, ಎರಡನೇ ದಿನ ಅರ್ಧ, ಮೂರನೇ ದಿನ ಮುಕ್ಕಾಲು, ನಾಲ್ಕಕ್ಕೆ ಪೂರ್ತಿ, ಪ್ರತಿದಿನ ನಾಲ್ಕರಿಂದ ಆರು ಸಲ ಹಂಚಿ. ಮೊದಲ ದಿನದ್ದು ಅಂದರೆ ಹೆಚ್ಚುಕಡಿಮೆ ಒಂದು ಬೇಯಿಸಿದ ಮೊಟ್ಟೆ ಮತ್ತು 30 ಗ್ರಾಂ ಬೇಯಿಸಿದ ಕೋಳಿಮಾಂಸ. ನೋಡುವವರಿಗೆ ಕ್ರೂರ ಅನಿಸುತ್ತದೆ, ಅನಿಸಲಿ. ಆದಷ್ಟೂ ಡಾಕ್ಟರ ನಿಗಾದಲ್ಲೇ ಮಾಡಿ. ತೂಕ ನೋಡಲು ನಾಯಿಯನ್ನೆತ್ತಿಕೊಂಡು ಮನೆಯ ಸ್ಕೇಲ್ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ.

ಯಾರಿಗೆ ಕೊಡುವುದು? "ನಮಗೆ ನಾಯಿ ಅಂದ್ರೆ ಪ್ರಾಣ" ಅನ್ನುವವರಿಗಿಂತ ಆರಡಿ ಕಾಂಪೌಂಡ್ ಇರುವವರಿಗೆ. ಕೋಳಿ, ಬೆಕ್ಕು, ಮೊಲ ಇರುವ ಮನೆ ಬೇಡ, ಓಡುವುದನ್ನು ಕಂಡರೆ ಇದು ಬೆನ್ನಟ್ಟುತ್ತದೆ, ಕರೆದರೆ ತಿರುಗಿಯೂ ನೋಡುವುದಿಲ್ಲ. "ರಾತ್ರಿ ಬಿಡ್ತೀವಿ, ಹಗಲು ಕಟ್ಟಿ ಹಾಕ್ತೀವಿ" ಅಂದರೆ ಅಲ್ಲಿಗೇ ಮಾತು ಮುಗಿಸಿ. ಕಾನೂನು ಇದೆಯಲ್ಲ ಅನ್ನಬೇಡಿ. ಗಿಡ್ಡ ಚೈನಿನಲ್ಲಿ ಅತಿ ಹೊತ್ತು ಕಟ್ಟುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೇ, ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅದಕ್ಕಿಂತ ನೀವೇ ಬರೆಸಿಕೊಂಡ ಕಾಗದ ವಾಸಿ: ಕಟ್ಟುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಬೇಡವಾದರೆ ನಿಮಗೇ ವಾಪಸ್.

ಒಪ್ಪಿಸುವುದು ಒಂದೇ ದಿನದಲ್ಲಿ ಬೇಡ. ಅವರು ಮೊದಲ ಸಲ ನಿಮ್ಮ ಮನೆಗೆ ಬಂದು ಸುಮ್ಮನೆ ಕೂರಲಿ, ಎರಡನೇ ಸಲ ಅವರೇ ತಿರುಗಾಡಿಸಲಿ, ಮೂರನೇ ಸಲ ನೀವು ನಾಯಿಯೊಂದಿಗೆ ಅವರ ಮನೆಗೆ ಹೋಗಿ ಒಂದರ್ಧ ದಿನ ಇದ್ದು ಬನ್ನಿ. ಕೊಡುವ ದಿನ ತೊಳೆಯದ ಹಾಸಿಗೆ, ಅದೇ ತಟ್ಟೆ, ಹತ್ತು ದಿನದ ಅದೇ ಆಹಾರ ಜೊತೆಗೆ ಹೋಗಬೇಕು. ದಾರಿಯಲ್ಲಿ ಎಲ್ಲೂ ಇಳಿಸಬಾರದು. ಸೀಟಿನ ಮೇಲೆ ಮೂತ್ರವಾದರೆ ತೊಳೆದರಾಯಿತು. ಕಾರು ಕಾಂಪೌಂಡ್ ಒಳಗೆ ಬಂದು, ಗೇಟು ಹಾಕಿ, ಹಗ್ಗ ಕೈಗೆ ಸುತ್ತಿಕೊಂಡ ಮೇಲೆ ಕಾರಿನ ಬಾಗಿಲು. ಮೊದಲ ಎರಡು ವಾರ ಕಾಂಪೌಂಡಿನಲ್ಲೂ ಇಪ್ಪತ್ತಡಿ ಹಗ್ಗ, ತುದಿ ಹಿಡಿದು ಒಬ್ಬರು.

ಇಷ್ಟಾದರೂ ತಪ್ಪಿಸಿಕೊಂಡರೆ ಹೆಸರು ಕೂಗುತ್ತ ಗುಂಪು ಕಟ್ಟಿ ಅಟ್ಟಬೇಡಿ, ಅಟ್ಟಿದಷ್ಟೂ ದೂರ ಓಡುತ್ತದೆ. ಕಳೆದ ಜಾಗದಲ್ಲೇ ಅದರ ಹಾಸಿಗೆ, ನೀರು, ಬೇಯಿಸಿದ ಕುರಿ ಲಿವರ್ ಇಟ್ಟು, ದಿನಾ ಅದೇ ಹೊತ್ತಿಗೆ ಒಬ್ಬರೇ ಬೆನ್ನು ತಿರುಗಿಸಿ ನೆಲದಲ್ಲಿ ಕೂರಿ. ನಮ್ಮದು ಐದನೇ ಬೆಳಗಿನ ಜಾವ ಕಬ್ಬಿನ ಸಾಲಿನಿಂದ ತೆವಳಿಕೊಂಡೇ ಬಂತು, ಮೈತುಂಬ ಉಣ್ಣಿ. ಹಾಸಿಗೆಯ ಮೇಲೆ ಮಲಗಿತು, ಲಿವರ್ ಮುಟ್ಟಲಿಲ್ಲ.

ಕೊಟ್ಟ ಮೂರನೇ ದಿನ ಫೋನ್ ಮಾಡಿ, ಎರಡನೇ ವಾರ ಮತ್ತು ಎರಡನೇ ತಿಂಗಳು ಹೋಗಿ ನೋಡಿ. "ಹೇಗಿದೆ" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ರಾತ್ರಿ ಎಲ್ಲಿ ಮಲಗಿತ್ತು, ಬೆಳಗ್ಗೆ ಹಗ್ಗ ಯಾರು ಹಿಡಿದಿದ್ದರು, ಬಳೆಗಳ ನಡುವೆ ಎರಡು ಬೆರಳು ಅಂತರ ಇದೆಯೇ ಅಂತ ಕೇಳಿ.