ಬೇಸ್ ಮಾಡೆಲ್ಲೋ ಟಾಪ್ ಎಂಡೋ: ಸಾಗರದ ತಮ್ಮನಿಗೆ ಉತ್ತರ

ತಮ್ಮಾ,

ನೀನು ಬರೆದದ್ದು ಓದಿದೆ. ನಾನು ಊರಿಗೆ ಬಂದು ಹತ್ತು ದಿನ ಆಯಿತು. ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಳೆ ಹಿಡಿದುಬಿಟ್ಟಿದೆ. ನಿನ್ನೆ ರಾತ್ರಿಯಿಂದ ಕರೆಂಟ್ ಇಲ್ಲ. ಹಾಗಾಗಿ ಬಿಡುವು ಜಾಸ್ತಿ, ಉದ್ದಕ್ಕೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ಸಾಗರ ಬಿಟ್ಟು ಮಿಷಿಗನ್‌ಗೆ ಹೋಗಿ ಎಂಟು ತಿಂಗಳಾಯಿತು, ಇನ್ನು ಗೆಳೆಯರ ಕಾರಿಗೆ ಕಾಯೋದು ಸಾಕು. ಚಿಕ್ಕಂದಿನಿಂದ ಆಸೆ ಇದ್ದದ್ದು ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು ಮಸ್ಟಾಂಗ್ ಮೇಲೆ. ಅದರಲ್ಲಿ ಚಿಕ್ಕ ಇಂಜಿನ್ನಿನ ಇಕೋಬೂಸ್ಟ್ ಪ್ರೀಮಿಯಂ ತಗೊಳ್ಳಲಾ, ದೊಡ್ಡ ಇಂಜಿನ್ನಿನ ಜಿಟಿ ಬೇಸ್ ಮಾಡೆಲ್ ತಗೊಳ್ಳಲಾ? ಗೇರ್ ಹಾಕಿ ಓಡಿಸುವ ಗಾಡಿಯೇ ಬೇಕು. ಆಪ್ಷನ್ ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಕೊನೆಯಲ್ಲಿ ಒಂದೇ ಸಾಲು: ‘ಬಂದ ವರ್ಷವೇ ಇಂಥ ಕಾರು ತಗೊಂಡರೆ ತಪ್ಪಾಗುತ್ತಾ ಅಣ್ಣ?’

ಆ ಕೊನೆಯ ಸಾಲಿಗೇ ಮೊದಲು ಹೇಳುತ್ತೇನೆ. ಆಸೆ ತಪ್ಪಲ್ಲ ಮಾರಾಯ. ಡೆಟ್ರಾಯಿಟ್ ಸುತ್ತಮುತ್ತ ಒಂದು ಪ್ಯಾಕೆಟ್ ಹಾಲು ತರೋಕೂ ಕಾರು ಬೇಕು. ಹೇಗಿದ್ದರೂ ಒಂದು ತಗೊಳ್ಳಲೇಬೇಕು. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾಗಿ, ರೂಮಿನಲ್ಲಿ ಒಬ್ಬನೇ ಕೂತಿರುವಾಗ, ಕೆಳಗೆ ನಿನ್ನ ಇಷ್ಟದ ಗಾಡಿ ನಿಂತಿದೆ ಅನ್ನುವುದೇ ಒಂದು ಧೈರ್ಯ. ನಾನು 2009ರಲ್ಲಿ ಹೋದವನು. ಆ ಮೊದಲ ಚಳಿಗಾಲ ನನಗೆ ಇನ್ನೂ ಮರೆತಿಲ್ಲ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀಯ ಅನ್ನುವುದು ನಿನಗೆ ಗೊತ್ತಿರಬೇಕು.

ನಿನ್ನ ಪ್ರಶ್ನೆಯಲ್ಲೇ ಒಂದು ತೊಡಕಿದೆ. 2024ರ ಮಾಡೆಲ್‌ನಿಂದ ಇಕೋಬೂಸ್ಟ್‌ಗೆ ಗೇರ್ ಹಾಕುವ ಗಾಡಿ ಬರುವುದಿಲ್ಲ. ಹತ್ತು ಗೇರಿನ ಆಟೋಮ್ಯಾಟಿಕ್ ಮಾತ್ರ. ಆರು ಗೇರಿನ ಮ್ಯಾನುಯಲ್ ಬೇಕೆಂದರೆ ಜಿಟಿಗೇ ಹೋಗಬೇಕು. ಹೊಸದೇ ಬೇಕು, ಗೇರೂ ಬೇಕು ಅನ್ನುವುದಾದರೆ ಅರ್ಧ ತೀರ್ಮಾನ ಇಲ್ಲೇ ಆಯಿತು. ಇದನ್ನು ಶೋರೂಮಿನವರು ಮೊದಲೇ ಹೇಳುತ್ತಾರೆ ಅಂದುಕೊಳ್ಳಬೇಡ. ಹೊರಗೆ ನಿಂತಿರುವ ಗಾಡಿ ಮಾರುವುದು ಅವರ ಕೆಲಸ.

ಈಗ ಮೇಲಿನ ಮಾಡೆಲ್, ಕೆಳಗಿನ ಮಾಡೆಲ್ ವಿಷಯ. ನಾವು ಊರಲ್ಲಿ ವೇರಿಯಂಟ್ ಅನ್ನುವುದನ್ನು ಅಲ್ಲಿ ಟ್ರಿಮ್ ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಅಡಿಕೆ ಇದೆ, ನಿನಗೆ ಗೊತ್ತು. ಶಿವಮೊಗ್ಗ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ ಕೂಗುತ್ತಾರೆ. ಅಲ್ಲಿ ವ್ಯತ್ಯಾಸ ಕಾಯಿಯಲ್ಲೇ ಇರುತ್ತದೆ. ಎಳೆಯದೋ, ಬಲಿತದ್ದೋ, ಹೇಗೆ ಬೇಯಿಸಿದ್ದೋ ಅನ್ನುವುದು ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಕಾರಿನ ಟ್ರಿಮ್ ಹಾಗಲ್ಲ. ಅದರಲ್ಲಿ ಎರಡು ಏಣಿಗಳನ್ನು ಸೇರಿಸಿ ಒಂದೇ ಏಣಿ ಅಂತ ತೋರಿಸುತ್ತಾರೆ. ಒಂದು ಓಡುವ ಸಾಮಾನಿನ ಏಣಿ: ಇಂಜಿನ್, ಗೇರ್, ಬ್ರೇಕ್, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್. ಇನ್ನೊಂದು ಕೂರುವ ಸುಖದ ಏಣಿ: ಲೆದರ್ ಸೀಟು, ಸ್ಪೀಕರ್, ಬಣ್ಣದ ದೀಪ.

ನೀನು ಹೇಳಿದ ಎರಡನ್ನೇ ನೋಡು. ಇಕೋಬೂಸ್ಟ್‌ನಲ್ಲಿ 2.3 ಲೀಟರ್‌ನ ನಾಲ್ಕು ಸಿಲಿಂಡರ್ ಟರ್ಬೊ, 315 ಎಚ್‌ಪಿ (ಇಂಜಿನ್ ಬಲದ ಅಳತೆ). ಅದರ ಪ್ರೀಮಿಯಂಗೆ ಹೋದರೂ ಅದೇ ಇಂಜಿನ್, ಅದೇ 315. ಜಾಸ್ತಿ ಕೊಟ್ಟ ದುಡ್ಡೆಲ್ಲ ಸೀಟಿಗೆ, ಒಳಗಿನ ಅಲಂಕಾರಕ್ಕೆ. ಜಿಟಿಯಲ್ಲಿ 5 ಲೀಟರ್‌ನ ಎಂಟು ಸಿಲಿಂಡರ್ ವಿ8, 480 ಎಚ್‌ಪಿ. ಬೇಸ್ ಮಾಡೆಲ್ ಆದರೂ ಅದೇ ವಿ8.

ಬೇರೆ ಕಾರುಗಳಲ್ಲೂ ಹೀಗೇ. ಎರಡೇ ಸೀಟಿನ ಚಿಕ್ಕ ಸ್ಪೋರ್ಟ್ಸ್ ಕಾರು ಮಜ್ದಾ ಮಿಯಾಟಾದಲ್ಲಿ ಸ್ಪೋರ್ಟ್, ಕ್ಲಬ್, ಗ್ರ್ಯಾಂಡ್ ಟೂರಿಂಗ್ ಅಂತ ಮೂರಿವೆ. ಮೂರಕ್ಕೂ ಒಂದೇ 2 ಲೀಟರ್ ಇಂಜಿನ್, 181 ಎಚ್‌ಪಿ. ಹೆಸರು ನೋಡಿದರೆ ಸ್ಪೋರ್ಟ್ ಅನ್ನುವುದೇ ಓಡಿಸುವವನ ಗಾಡಿ ಅನ್ನಿಸುತ್ತದೆ, ಅಲ್ವಾ? ಆದರೆ ಒಳ್ಳೆಯ ಡಿಫರೆನ್ಷಿಯಲ್, ಬಿಲ್‌ಸ್ಟೈನ್ ಕಂಪನಿಯ ಗಟ್ಟಿ ಶಾಕ್ ಅಬ್ಸಾರ್ಬರ್ ಇರುವುದು ನಡುವಿನ ಕ್ಲಬ್‌ನ ಮ್ಯಾನುಯಲ್ ಗಾಡಿಯಲ್ಲಿ. ಸ್ಪೋರ್ಟ್‌ನಲ್ಲಿ ಅವಿಲ್ಲ. ಟೊಯೋಟಾ ಜಿಆರ್86ರಲ್ಲಿ ಕತೆ ಉಲ್ಟಾ. ಬೇಸ್ ಮಾಡೆಲ್‌ಗೂ 228 ಎಚ್‌ಪಿ, ಅದೇ ಟಾರ್ಸೆನ್ ಅನ್ನುವ ಒಳ್ಳೆಯ ಡಿಫರೆನ್ಷಿಯಲ್. ಪ್ರೀಮಿಯಂನಲ್ಲಿ ಮುಖ್ಯವಾಗಿ ಸಿಗುವುದು 17ರ ಬದಲು 18 ಇಂಚಿನ ಚಕ್ರ, ಒಳ್ಳೆಯ ಟೈರ್, ಬಿಸಿಯಾಗುವ ಸೀಟು, ಎರಡು ಸ್ಪೀಕರ್ ಜಾಸ್ತಿ. ಆ ಕಾರಿನಲ್ಲಿ ಬೇಸ್ ಮಾಡೆಲ್ ತಗೊಂಡರೆ ಏನೂ ಕಳಕೊಳ್ಳುವುದಿಲ್ಲ.

ಡಿಫರೆನ್ಷಿಯಲ್ ಅಂತ ಇಷ್ಟು ಸಲ ಬರೆದೆ. ಅದು ಯಾಕೆ ಬೇಕು ಅಂತ ಮೊನ್ನೆ ನಮ್ಮ ತೋಟದ ದಾರಿಯಲ್ಲೇ ಕಣ್ಣೆದುರು ಆಯಿತು. ಕೊಳೆ ಔಷಧಿ ಹೊಡೆಯೋಕೆ ಸುಣ್ಣ, ಮೈಲುತುತ್ತ ಹೇರಿಕೊಂಡು ಬಂದ ಪಿಕಪ್ ಇಳಿಜಾರಿನಲ್ಲಿ ಸಿಕ್ಕಿಹಾಕಿಕೊಂಡಿತು. ಹಿಂದಿನ ಎಡ ಚಕ್ರ ಕೆಸರಲ್ಲಿ ಗಿರಗಿರ ತಿರುಗುತ್ತಿತ್ತು. ಬಲ ಚಕ್ರ ಗಟ್ಟಿ ಜಂಬಿಟ್ಟಿಗೆ ಕಲ್ಲಿನ ಮೇಲಿತ್ತು, ಆದರೆ ಒಂದಿಂಚೂ ಅಲ್ಲಾಡಲಿಲ್ಲ. ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಎಡ ಚಕ್ರವೇ ತಿರುಗಿ ಅಪ್ಪನ ಪಂಚೆಗೆಲ್ಲ ಕೆಸರು ಹಾರಿತು. ಕೊನೆಗೆ ಚಕ್ರದ ಕೆಳಗೆ ಅಡಿಕೆ ಸೋಗೆ ಹಾಸಿ, ನಾಲ್ಕು ಜನ ಹಿಂದಿನಿಂದ ದೂಡಿ ಮೇಲೆ ಹತ್ತಿಸಿದೆವು. ಮಾಮೂಲಿ ಡಿಫರೆನ್ಷಿಯಲ್ ಹೀಗೇ. ಹಿಡಿತ ಇಲ್ಲದ ಚಕ್ರ ಸುಮ್ನೆ ತಿರುಗುತ್ತದೆ, ಹಿಡಿತ ಇರುವ ಚಕ್ರಕ್ಕೆ ಬಲ ಹೋಗುವುದಿಲ್ಲ. ಲಿಮಿಟೆಡ್ ಸ್ಲಿಪ್ ಅನ್ನುವ ಒಳ್ಳೆಯ ಡಿಫರೆನ್ಷಿಯಲ್ ಆ ಬಲವನ್ನು ಹಿಡಿತ ಇರುವ ಕಡೆಗೂ ಕಳಿಸುತ್ತದೆ, ಟಾರ್ಸೆನ್ ಅದರಲ್ಲೇ ಒಂದು ಬಗೆ. ತಿರುವಿನಲ್ಲಿ ಒಳಗಿನ ಚಕ್ರ ಹಗುರಾದಾಗಲೂ ಇದೇ ಲೆಕ್ಕ, ಹಿಮದಲ್ಲೂ ಇದೇ. ಇದನ್ನು ಆಮೇಲೆ ಹಾಕಿಸುತ್ತೇನೆ ಅಂದರೆ ಹಿಂದಿನ ಹೌಸಿಂಗ್ ಬಿಚ್ಚಬೇಕು. ಖರ್ಚು ಜಾಸ್ತಿ, ವಾರಂಟಿಗೂ ತಕರಾರು. ಫ್ಯಾಕ್ಟರಿಯಿಂದಲೇ ಬಂದಿರಬೇಕು.

ಬ್ರೇಕೂ ಅಷ್ಟೇ. ಆಗುಂಬೆ ಘಾಟಿ ಇಳಿಯುವಾಗ ಮುಂದಿನ ಗಾಡಿಯಿಂದ ಬ್ರೇಕ್ ಸುಟ್ಟ ವಾಸನೆ ಬರುತ್ತದಲ್ಲ, ಅದು ನಿನಗೆ ಗೊತ್ತು. ನನಗೆ ಅದೇ ವಾಸನೆ ಮಿಷಿಗನ್ನಿನಲ್ಲಿ ಬಂದಿತ್ತು. 2011ರಲ್ಲಿ ನಾನು ಮೊದಲ ಸ್ಪೋರ್ಟ್ಸ್ ಕಾರು ತಗೊಂಡೆ. ಯಾವ ಕಂಪನಿ ಅನ್ನುವುದು ಬೇಡ. ಚಿಕ್ಕ ಇಂಜಿನ್, ಆದರೆ ಟಾಪ್ ಎಂಡ್. ಸನ್‌ರೂಫ್, ನ್ಯಾವಿಗೇಷನ್, ಹನ್ನೆರಡು ಸ್ಪೀಕರ್, 19 ಇಂಚಿನ ಹೊಳೆಯುವ ಚಕ್ರ. ಅಮ್ಮನಿಗೆ ಫೋಟೋ ಕಳಿಸಿದಾಗ ತುಂಬಾ ಖುಷಿಪಟ್ಟರು. ಮರುವರ್ಷ ಸೌತ್ ಹೇವನ್ ಹತ್ತಿರದ ಜಿಂಜರ್‌ಮನ್ ಟ್ರ್ಯಾಕ್‌ಗೆ ಹೋದೆ. ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಎದೆ ಧಸಕ್ ಅಂದಿತು. ಗೇರ್ ಇಳಿಸಿ ನಿಧಾನ ಮಾಡಿ ಹೊರಗೆ ಬಂದೆ. ಅದೇ ಕಾರಿನ ಕೆಳಗಿನ ಮಾಡೆಲ್‌ಗೆ ದೊಡ್ಡ ಬ್ರೇಕಿನ ಪ್ಯಾಕೇಜ್ ಹಾಕಿಸಿದ್ದರೆ ನನ್ನ ಹನ್ನೆರಡು ಸ್ಪೀಕರಿಗಿಂತ ಕಡಿಮೆಗೆ ಆಗುತ್ತಿತ್ತು. ನ್ಯಾವಿಗೇಷನ್ ಮೂರು ವರ್ಷಕ್ಕೆ ಹಳತಾಯಿತು, ಫೋನೇ ಅದಕ್ಕಿಂತ ಚೆನ್ನಾಗಿ ದಾರಿ ತೋರಿಸುತ್ತಿತ್ತು.

19 ಇಂಚಿನ ಚಕ್ರದ ಕತೆ ಇನ್ನೂ ಇದೆ. ಮಿಷಿಗನ್ನಿನಲ್ಲಿ ಮಾರ್ಚ್ ತಿಂಗಳು ಹಿಮ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ರಸ್ತೆಯೆಲ್ಲ ಹೊಂಡ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆ ಇರುತ್ತಲ್ಲ, ಹಾಗೆ. ಚಕ್ರ ದೊಡ್ಡದಾದಷ್ಟು ಟೈರಿನ ರಬ್ಬರ್ ತೆಳ್ಳಗೆ. ಒಂದು ಹೊಂಡಕ್ಕೆ ಎರಡು ಟೈರ್ ಒಡೆದು ಒಂದು ಚಕ್ರ ಸೊಟ್ಟಗಾಯಿತು. ಆ ತಿಂಗಳು ಊರಿಗೆ ದುಡ್ಡು ಕಳಿಸಲು ಆಗಲಿಲ್ಲ. ನೋಡೋಕೆ ಚೆಂದ ಅಂತ ದೊಡ್ಡ ಚಕ್ರ ಆರಿಸಬೇಡ. ದೊಡ್ಡ ಬ್ರೇಕಿಗೆ ಜಾಗ ಬೇಕು ಅನ್ನುವಾಗ ಮಾತ್ರ ಅದಕ್ಕೆ ಅರ್ಥ.

ಹಾಗಾದರೆ ಜಿಟಿಯ ಆಪ್ಷನ್ ಪಟ್ಟಿಯಲ್ಲಿ ಯಾವುದು ಬೇಕು? ನಾನಾದರೆ ಪರ್ಫಾರ್ಮೆನ್ಸ್ ಪ್ಯಾಕೇಜ್ ಒಂದನ್ನೇ ತಗೊಳ್ಳುತ್ತೇನೆ. ಅದರಲ್ಲಿ ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್, ಟಾರ್ಸೆನ್ ಡಿಫರೆನ್ಷಿಯಲ್, ಇಂಜಿನ್ ಆಯಿಲ್ ತಂಪು ಮಾಡುವ ಕೂಲರ್, ಅಗಲವಾದ ಹಿಂದಿನ ಟೈರ್ ಬರುತ್ತವೆ. ಇವನ್ನೆಲ್ಲ ಆಮೇಲೆ ಒಂದೊಂದಾಗಿ ಹಾಕಿಸೋಕೆ ಹೋದರೆ ಕಷ್ಟ, ಖರ್ಚೂ ಜಾಸ್ತಿ. ಮ್ಯಾಗ್ನರೈಡ್ ಅನ್ನುವ ದುಬಾರಿ ಸಸ್ಪೆನ್ಷನ್ ಬೇಕಾದರೂ ಈ ಪ್ಯಾಕೇಜ್ ಇದ್ದರೇನೇ ಕೊಡುತ್ತಾರೆ. ಅದು ಒಳ್ಳೆಯದೇ, ಆದರೆ ನಿನಗೆ ಈಗ ಬೇಡ. ಸದ್ದು ಬದಲಿಸುವ ಹೊಗೆ ಕೊಳವೆ, ಅಂದರೆ ಆಕ್ಟಿವ್ ಎಗ್ಸಾಸ್ಟ್ ಹಾಕಿದರೆ 480 ಇದ್ದದ್ದು 486 ಆಗುತ್ತದೆ. ಆ ಆರು ಎಚ್‌ಪಿ ನಿನಗೆ ತಿಳಿಯುವುದೂ ಇಲ್ಲ. ಸದ್ದು ಇಷ್ಟ ಅಂದರೆ ನಿನ್ನಿಷ್ಟ. ಜಿಟಿಗಿಂತ ಮೇಲಿನ ಮಾಡೆಲ್, 500 ಎಚ್‌ಪಿಯ ಡಾರ್ಕ್ ಹಾರ್ಸ್ ಕಡೆ ನೋಡಲೇಬೇಡ. ಬಣ್ಣಕ್ಕೂ ಪಟ್ಟೆಗೂ ಜಾಸ್ತಿ ಕೊಡಬೇಡ.

ಸುಖದ ಸಾಮಾನಿನಲ್ಲಿ ನಾನು ಮೆಚ್ಚುವುದು ಬಿಸಿಯಾಗುವ ಸೀಟು ಒಂದನ್ನೇ. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಬೆಳಿಗ್ಗೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಅದೊಂದಕ್ಕಾಗಿ ಪ್ರೀಮಿಯಂಗೆ ಏರಬೇಡ. ಸಾಕೆಟ್‌ಗೆ ಚುಚ್ಚುವ ಬಿಸಿ ಸೀಟ್ ಕವರ್ ಸಿಗುತ್ತದೆ, ನಾನು ಅದರಲ್ಲೇ ಕಾಲ ಕಳೆದೆ.

ಪರ್ಫಾರ್ಮೆನ್ಸ್ ಪ್ಯಾಕೇಜ್ ಜೊತೆ ಬರುವುದು ಬೇಸಿಗೆಯ ಟೈರ್. 7 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಹಿಮ ಬಿದ್ದ ಮೇಲೆ ಓಡಿಸುವ ಮಾತೇ ಇಲ್ಲ. ನವೆಂಬರ್ ಹೊತ್ತಿಗೆ ನಾಲ್ಕು ಚಳಿಗಾಲದ ಟೈರ್ ಬೇಕೇ ಬೇಕು. ದೊಡ್ಡ ಬ್ರೇಕಿನ ಮೇಲೆ 17 ಇಂಚಿನ ಅಗ್ಗದ ಚಕ್ರ ಕೂರುವುದಿಲ್ಲ, ಅದಕ್ಕೂ ಸೇರಿಸಿ ದುಡ್ಡು ತೆಗೆದಿಡು. ರಸ್ತೆಗೆ ಉಪ್ಪು ಸುರಿಯುತ್ತಾರೆ, ಎರಡು ವಾರಕ್ಕೊಮ್ಮೆ ಕಾರಿನ ಅಡಿಭಾಗ ತೊಳೆಸಬೇಕು.

ಶೋರೂಮಿಗೆ ಹೋದಾಗ ಕಿಟಕಿಗೆ ಅಂಟಿಸಿದ ಚೀಟಿ ಓದು. ಮನ್ರೋನಿ ಸ್ಟಿಕ್ಕರ್ ಅನ್ನುತ್ತಾರೆ. 1958ರ ಕಾನೂನಿನಿಂದ ಬಂದದ್ದು, ಅದನ್ನು ತಂದ ಸೆನೆಟರ್ ಹೆಸರೇ ಅದಕ್ಕಿದೆ. ಯಾವುದು ಗಾಡಿಯ ಜೊತೆಗೇ ಬಂದದ್ದು, ಯಾವುದಕ್ಕೆ ಬೇರೆ ದುಡ್ಡು, ಸಾಗಣೆಗೆ ಎಷ್ಟು, ಎಲ್ಲ ಅದರಲ್ಲಿರಬೇಕು. ಪಕ್ಕದಲ್ಲೇ ಇನ್ನೊಂದು ಚೀಟಿ ಇದ್ದರೆ ಅದು ಡೀಲರ್ ತಾನೇ ಅಂಟಿಸಿದ್ದು. ಟೈರಿಗೆ ನೈಟ್ರೋಜನ್, ಬಣ್ಣಕ್ಕೆ ಕೋಟಿಂಗ್, ಗಾಜಿನ ಮೇಲೆ ನಂಬರ್ ಕೆತ್ತಿದ್ದು, ಬೇಡಿಕೆ ಇದೆ ಅಂತ ದರ ಏರಿಸುವ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅಂತೆಲ್ಲ ಇರುತ್ತದೆ. ಇವು ಬೇಡ ಅಂತ ಧೈರ್ಯವಾಗಿ ಹೇಳು. ನಾವು ಮಲೆನಾಡಿನವರಿಗೆ ಎದುರಿಗೆ ಕೂತವರಿಗೆ ಬೇಡ ಅನ್ನೋದು ಸಂಕೋಚ. ನಾನು ಆ ಸಂಕೋಚದಲ್ಲೇ ಮೂರು ಕಡೆ ಸಹಿ ಹಾಕಿಬಿಟ್ಟೆ, ಅದು ಇವತ್ತಿಗೂ ನೋವಾಗುತ್ತದೆ. ಇವೆಲ್ಲದರ ಮೇಲೆ ಮಿಷಿಗನ್ನಿನ 6 ಪರ್ಸೆಂಟ್ ತೆರಿಗೆ ಬೇರೆ.

ಸಾಲದ ವಿಷಯ. ಕ್ರೆಡಿಟ್ ಸ್ಕೋರ್ ಹುಟ್ಟುವುದಕ್ಕೇ ಸಾಮಾನ್ಯವಾಗಿ ಆರು ತಿಂಗಳ ಖಾತೆ ಬೇಕು. ನಿನ್ನದು ಈಗ ತಾನೇ ಹುಟ್ಟಿದ ಕೂಸು. ಬಡ್ಡಿ ಜಾಸ್ತಿ ಹೇಳುತ್ತಾರೆ. ಶೋರೂಮಿಗೆ ಹೋಗುವ ಮೊದಲೇ ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನ ಹಾಗೆ) ಸಾಲ ಮಂಜೂರು ಮಾಡಿಸಿಕೊಂಡು ಹೋಗು. ಅದಕ್ಕಿಂತ ಮೊದಲು ಇನ್ಶೂರೆನ್ಸ್ ಕೇಳು. ಅಮೆರಿಕದಲ್ಲಿ ಕಾರು ಓಡಿಸಿದ ದಾಖಲೆ ಇಲ್ಲದ ಹುಡುಗ, ವಿ8 ಇಂಜಿನ್, ಮಿಷಿಗನ್ ರಾಜ್ಯ, ಮೂರೂ ಸೇರಿದರೆ ತಿಂಗಳ ಕಂತಿನ ಹತ್ತಿರ ಹತ್ತಿರ ಹೋಗಬಹುದು. ಇಷ್ಟವಾದ ಗಾಡಿಯ ಗುರುತಿನ ನಂಬರ್ (ವಿನ್) ಕೊಟ್ಟರೆ ಸರಿಯಾದ ಮೊತ್ತ ಹೇಳುತ್ತಾರೆ.

ಆ ಮೊತ್ತ ನೋಡಿ ಕೈ ನಡುಗಿದರೆ ಇನ್ನೊಂದು ದಾರಿ ಇದೆ. ನಾನು ಆಮೇಲೆ ಹಿಡಿದ ದಾರಿ ಅದು. ಮೂರು ವರ್ಷ ಹಳೆಯ ಮಿಯಾಟಾ ಕ್ಲಬ್, ಗೇರ್ ಗಾಡಿ. ತೂಕ ಸುಮಾರು 1,060 ಕೆಜಿ. ಬಾನೆಟ್ ಕೆಳಗೆ ಜಿಟಿಯ ಅರ್ಧಕ್ಕಿಂತ ಕಡಿಮೆ ಬಲ. ಮಿಷಿಗನ್ನಿನ ಉತ್ತರಕ್ಕೆ ಎಂ-119 ಅಂತ ಒಂದು ರಸ್ತೆ ಇದೆ. ಹಾರ್ಬರ್ ಸ್ಪ್ರಿಂಗ್ಸ್‌ನಿಂದ ಕ್ರಾಸ್ ವಿಲೇಜ್‌ವರೆಗೆ, ಸರೋವರದ ದಂಡೆಯ ಮೇಲೆ. ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡಿರುತ್ತವೆ. ರಸ್ತೆ ಕಿರಿದು, ನಡುವೆ ಗೆರೆಯೂ ಇಲ್ಲ. ಮೊದಲ ಸಲ ಅಲ್ಲಿ ಎರಡನೇ ಗೇರಿನಲ್ಲಿ ತಿರುವು ಹತ್ತುವಾಗ, ಕಾರಿನ ಮೇಲ್ಛಾವಣಿ ತೆಗೆದಿದ್ದೆ, ಒದ್ದೆ ಎಲೆಯ ವಾಸನೆ ಬಂತು. ಕಾರು ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಕೂತೆ. ಅಷ್ಟು ಊರು ನೆನಪಾಯಿತು. ಅಲ್ಲಿ 480 ಎಚ್‌ಪಿ ಇದ್ದರೂ ಓಡಿಸುವ ವೇಗ ಅಷ್ಟೇ.

ನಿನ್ನೆ ಅಪ್ಪನ ಹಳೇ ಮಾರುತಿ 800 ತಗೊಂಡು ಆಗುಂಬೆ ಘಾಟಿಯಲ್ಲಿ ಸೋಮೇಶ್ವರಕ್ಕೆ ಇಳಿದು, ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತಿ ವಾಪಸ್ ಬಂದೆ. 796 ಸಿಸಿ ಇಂಜಿನ್, 40 ಎಚ್‌ಪಿಯೂ ಇಲ್ಲ. ಎಂಟನೇ ತಿರುವಿನ ಹತ್ತಿರ ಮಂಜು ಇಳಿದಿತ್ತು. ಒಂದನೇ ಗೇರ್, ಎರಡನೇ ಗೇರ್, ಮತ್ತೆ ಒಂದು. ಕೈಗೂ ಕಾಲಿಗೂ ಪೂರ್ತಿ ಕೆಲಸ. ಗೇರ್ ಗಾಡಿಯೇ ಬೇಕು ಅಂತ ನೀನು ಬರೆದೆಯಲ್ಲ, ನೀನು ಕೇಳುತ್ತಿರುವುದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಇಕೋಬೂಸ್ಟ್ ಪ್ರೀಮಿಯಂನಲ್ಲಿ ಅದು ಸಿಗುವುದಿಲ್ಲ.

ಇನ್ಶೂರೆನ್ಸ್ ತಡೆದುಕೊಳ್ಳುವ ಹಾಗಿದ್ದರೆ ಜಿಟಿ ಬೇಸ್ ಮಾಡೆಲ್, ಆರು ಗೇರ್, ಪರ್ಫಾರ್ಮೆನ್ಸ್ ಪ್ಯಾಕೇಜ್, ಬೇರೇನೂ ಬೇಡ. ಇಲ್ಲವಾದರೆ ಹಳೇ ಮಿಯಾಟಾ ಕ್ಲಬ್. ಎರಡನ್ನೂ ಓಡಿಸಿ ನೋಡು, ಆದರೆ ನೀನು ತಗೊಳ್ಳುವ ಟ್ರಿಮ್ಮನ್ನೇ ಕೇಳಿ ಓಡಿಸು. ಟಾಪ್ ಎಂಡ್ ಕೊಟ್ಟು ಆಸೆ ಹುಟ್ಟಿಸುತ್ತಾರೆ.

ನಾನು ಆಗಸ್ಟ್ ಎರಡನೇ ವಾರ ವಾಪಸ್ ಬರುತ್ತೇನೆ. ಅಲ್ಲಿಯವರೆಗೆ ಎಲ್ಲೂ ಸಹಿ ಹಾಕಬೇಡ. ನೋಡಿದ ಗಾಡಿಗಳ ಕಿಟಕಿ ಚೀಟಿಯ ಫೋಟೋ ಕಳಿಸು, ಶನಿವಾರ ಜೊತೆಗೆ ಹೋಗೋಣ. ನಿಮ್ಮ ಅಮ್ಮ ಫೋನ್ ಮಾಡಿದ್ದರು, ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸುತ್ತಾರಂತೆ. ಸೂಟ್‌ಕೇಸಿನಲ್ಲಿ ಜಾಗ ಇಟ್ಟಿದ್ದೇನೆ.