ಮೀನು ಹಾರುತ್ತಿದ್ದರೂ ಕಚ್ಚದಿರುವುದು ಯಾಕೆ?

ಮೇ ಕೊನೆಯಲ್ಲಿ ಕೆನಡಾದ ಕಾಮ್‌ಲೂಪ್ಸ್ ಊರಿನ ಹತ್ತಿರದ ಟಂಕ್ವಾ ಕೆರೆಗೆ ಹೋಗಿದ್ದಿರಿ, ರೇನ್‌ಬೋ ಟ್ರೌಟ್ ಕಣ್ಣೆದುರೇ ಹಾರುತ್ತಿದ್ದರೂ ತೇಲುವ ಫ್ಲೈಗೆ (ಕೊಕ್ಕೆಗೆ ಕಟ್ಟಿದ ಹುಳದಂಥ ನಕಲಿ ಎರೆ) ಒಂದೂ ಬೀಳಲಿಲ್ಲ ಅಂತ ಕೇಳಿದ್ದೀರಿ. ನನ್ನ ಅಂದಾಜಿನಲ್ಲಿ ಫ್ಲೈ ತಪ್ಪಲ್ಲ, ಆಳ ತಪ್ಪು.

ಆ ಹೊತ್ತಿಗೆ ಅಲ್ಲಿ ಕೈರೊನೊಮಿಡ್ ಹುಳದ ಕಾಲ. ನೋಡೋಕೆ ಸೊಳ್ಳೆ ಥರ, ಕಚ್ಚೋದಿಲ್ಲ. ಅದರ ಪ್ಯೂಪಾ, ಅಂದರೆ ರೆಕ್ಕೆ ಬರುವ ಮೊದಲಿನ ಕೋಶದ ಹಂತದ ಹುಳ, ಕೆಸರಿನಿಂದ ಎದ್ದು ನಿಧಾನಕ್ಕೆ ಮೇಲೇರುತ್ತೆ, ಟ್ರೌಟ್ ಹೆಚ್ಚಾಗಿ ತಳದ ಹತ್ತಿರವೇ ಕಾದು ಅದನ್ನು ತಿನ್ನುತ್ತೆ. ಮೇಲೆ ಹಾರುವ ಮೀನು ನೋಡಿ ಮೋಸ ಹೋಗಬೇಡಿ.

ದೋಣಿಗೆ ಎರಡೂ ತುದಿಯಲ್ಲಿ ಲಂಗರು ಹಾಕಿ. ಒಂದೇ ಲಂಗರಾದರೆ ಗಾಳಿಗೆ ದೋಣಿ ತೂಗಾಡುತ್ತೆ, ಫ್ಲೈಯೂ ಅದರ ಜೊತೆ ಎಳೆದಾಡುತ್ತೆ. ಆಮೇಲೆ ಕೊಕ್ಕೆ ಬಿಡಿಸುವ ಇಕ್ಕಳವನ್ನು ಫ್ಲೈಗೆ ಕಚ್ಚಿಸಿ ನೇರ ಕೆಳಗೆ ಬಿಡಿ. ತಳ ಮುಟ್ಟಿದ ಕೂಡಲೇ ದಾರ ಸಡಿಲವಾಗುತ್ತೆ. ದಾರ ಬಿಗಿ ಮಾಡಿ, ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಬರುವಂತೆ ತೇಲುಬುರುಡೆ ಕಟ್ಟಿ. ಇಕ್ಕಳ ಬಿಡಿಸಿ ಗಾಳ ಎಸೆದರೆ ಫ್ಲೈ ಸರಿಯಾಗಿ ತಳದಿಂದ ಒಂದು ಅಡಿ ಮೇಲೆ ನಿಲ್ಲುತ್ತೆ. ಅರ್ಧ ಅಡಿ ಹೆಚ್ಚುಕಮ್ಮಿಯಾದರೂ ಇಡೀ ದಿನ ಖಾಲಿ ಕೈ, ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಫ್ಲೈ 14ನೇ ನಂಬರಿನ ಕೊಕ್ಕೆಯದು ಸಾಕು: ಕಪ್ಪು ಮೈ, ಸಪೂರ ಕೆಂಪು ತಂತಿ, ತಲೆಗೆ ಬಿಳಿ ಮಣಿ. ಆ ಬಿಳಿ ಮಣಿ ಪ್ಯೂಪಾದ ಕಿವಿರಿನ ಹಾಗೆ ಕಾಣುತ್ತೆ. ಎಸೆದ ಮೇಲೆ ಎಳೀಬೇಡಿ, ಸುಮ್ಮನೆ ಬಿಡಿ. ಬುರುಡೆ ಮುಳುಗಲೇಬೇಕು ಅಂತಿಲ್ಲ. ಚೂರು ವಾಲಿದರೂ ಗಾಳದ ಕೋಲು ಎತ್ತಿ.

ಮೀನು ವಾಪಸ್ ಬಿಡೋದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟಿದರೆ ದಯವಿಟ್ಟು ಗಾಳ ಹಾಕಲೇಬೇಡಿ, ಬಿಟ್ಟ ಮೀನು ಉಳಿಯೋದು ಕಷ್ಟ.