ನಾಲ್ಕು ಕಂಪನಿಗಳು ಕೊರೆದು ಬಿಟ್ಟ ಜಾಗದಲ್ಲಿ ಐದನೆಯವರಿಗೆ ಏನು ಸಿಗುತ್ತದೆ?

ನೀವು ಕೇಳಿರುವುದು ಇಷ್ಟು. ತಾಮ್ರ, ಸತು, ಬೆಳ್ಳಿ, ಚಿನ್ನ ನಾಲ್ಕರ ಸುಳಿವೂ ಇರುವ ಒಂದು ಪ್ರಾಸ್ಪೆಕ್ಟ್‌ನ, ಅಂದರೆ ಅದಿರು ಇರಬಹುದು ಅಂತ ಹುಡುಕುವ ಜಾಗದ, ವರದಿ ಓದುತ್ತಿದ್ದೀರಿ. ಸುತ್ತ ಇರುವುದು ಹಳೆಯ ಜ್ವಾಲಾಮುಖಿ ಶಿಲೆ. 1950ರ ದಶಕದಿಂದ ನಾಲ್ಕು ಕಂಪನಿಗಳು ಒಂದಾದ ಮೇಲೊಂದು ಬಂದು, ಕೊರೆದು, ಬಿಟ್ಟು ಹೋಗಿವೆ. ಈಗ ಐದನೆಯದು ಬಂದಿದೆ. ಅಷ್ಟು ಜನ ಕೈಬಿಟ್ಟ ಜಾಗದಲ್ಲಿ ಇನ್ನೇನು ಉಳಿದಿರುತ್ತದೆ, ವರದಿಯಲ್ಲಿರುವ ಹುಡುಕಾಟದ ಚರಿತ್ರೆಯನ್ನು ಹೇಗೆ ಓದಬೇಕು ಅಂತ ನಿಮ್ಮ ಪ್ರಶ್ನೆ.

ನಾನು ಹದಿನೇಳು ವರ್ಷ ಕೊರೆತದ ಸೈಟುಗಳಲ್ಲಿ ಜಿಯಾಲಜಿಸ್ಟ್ ಆಗಿದ್ದೆ. ಕೋರ್ (ಕೊರೆದಾಗ ಹೊರಗೆ ಬರುವ ಕಲ್ಲಿನ ಉದ್ದನೆಯ ಕಂಬಿ) ತುಂಬಿದ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಲ್ಲಿಗೆ ನೀರು ಚಿಮುಕಿಸಿ, ಲೆನ್ಸ್ ಹಿಡಿದು ನೋಡಿದ್ದೇ ಜಾಸ್ತಿ. ಅದರಿಂದ ಹೇಳುತ್ತೇನೆ: ಬಿಟ್ಟು ಹೋದರು ಅಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಅಂತ ತಿಳಿಯಬೇಡಿ. ಏನೋ ಇದೆ ಅಂತಲೂ ತಿಳಿಯಬೇಡಿ. ಪ್ರತಿ ಕಂಪನಿಯೂ ಬಂದಾಗ ಒಂದು ಪ್ರಶ್ನೆ ಹಿಡಿದುಕೊಂಡೇ ಬಂದಿರುತ್ತದೆ. ಅದಕ್ಕೆ ಉತ್ತರ ಸಿಕ್ಕ ಕೂಡಲೇ ಗಂಟು ಕಟ್ಟುತ್ತದೆ. ಯಾರೂ ಕೇಳದೆ ಬಿಟ್ಟ ಪ್ರಶ್ನೆ ಯಾವುದು ಅಂತ ನೀವು ಹುಡುಕಬೇಕು.

ಮೊದಲು ಕಲ್ಲಿನ ಕಥೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜ್ವಾಲಾಮುಖಿ ಶಿಲೆಯಲ್ಲಿ ಈ ನಾಲ್ಕು ಲೋಹಗಳು ಒಟ್ಟಿಗೆ ಸಿಕ್ಕರೆ ಅದು ಬಹುಮಟ್ಟಿಗೆ ಸಮುದ್ರದ ತಳದಲ್ಲಿ ಹುಟ್ಟಿದ ಅದಿರು. ಸಮುದ್ರದ ನೀರು ಬಿರುಕುಗಳಲ್ಲಿ ಕೆಳಗಿಳಿಯುತ್ತದೆ. ಶಿಲಾರಸದ ಬಿಸಿಗೆ ಕಾಯುತ್ತದೆ. ದಾರಿಯ ಕಲ್ಲುಗಳಿಂದ ಲೋಹ ಕರಗಿಸಿಕೊಂಡು ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ತಣ್ಣನೆಯ ನೀರು ಸೋಕಿದ ಕೂಡಲೇ ಲೋಹವು ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿ ಕೂತುಬಿಡುತ್ತದೆ. 1979ರಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಪೂರ್ವ ಪೆಸಿಫಿಕ್‌ನ ತಳಕ್ಕೆ ಇಳಿದವರು, ಸುಮಾರು 350 ಡಿಗ್ರಿ ಬಿಸಿಯ ನೀರು ಕಪ್ಪು ಹೊಗೆಯಂತೆ ಚಿಮ್ಮುವುದನ್ನು ಕಣ್ಣಾರೆ ಕಂಡರು.

ಈ ಇಸವಿ ನೆನಪಿಟ್ಟುಕೊಳ್ಳಿ. ನಿಮ್ಮ ವರದಿಯ ಮೊದಲ ಕಂಪನಿ ಅದಕ್ಕಿಂತ ಎಷ್ಟೋ ಮುಂಚಿನದು. ಇಂಥ ಅದಿರು ಕಲ್ಲು ಗಟ್ಟಿಯಾದ ಬಹಳ ಕಾಲದ ಮೇಲೆ ಬಿರುಕುಗಳಿಗೆ ನುಗ್ಗಿ ಬಂದದ್ದು ಅಂತ ಆ ಕಾಲದಲ್ಲಿ ಅನೇಕರು ನಂಬಿದ್ದರು. ಹಾಗೆ ನಂಬಿದವರು ಬಿರುಕು ಹಿಡಿದು ಕೊರೆಯುತ್ತಾರೆ. ಸಮುದ್ರ ತಳದ ಪದರ ಅಂತ ಗೊತ್ತಿದ್ದವರು ಪದರ ಹಿಡಿದು ಕೊರೆಯುತ್ತಾರೆ. ಅದೇ ಜಾಗ, ಅದೇ ಕಲ್ಲು, ಆದರೆ ಬೋರ್‌ಗಳ, ಅಂದರೆ ಕೊರೆದ ರಂಧ್ರಗಳ, ದಿಕ್ಕೇ ಬೇರೆ.

ಲೋಹಗಳು ಕೂರುವುದಕ್ಕೂ ಒಂದು ಕ್ರಮ ಇದೆ. ತಾಮ್ರಕ್ಕೆ ಬಿಸಿ ಜಾಸ್ತಿ ಬೇಕು. ಅದು ಬುಡದಲ್ಲಿ, ನೀರು ಏರಿ ಬಂದ ಕೊಳವೆಯ ಬಾಯಲ್ಲಿ ಕೂರುತ್ತದೆ. ಸತು, ಸೀಸ, ಬೆಳ್ಳಿ, ಬಹಳ ಸಲ ಚಿನ್ನವೂ, ಮೇಲಕ್ಕೆ ಮತ್ತು ಅಂಚಿಗೆ ಹೋಗುತ್ತವೆ. ಕೊಳವೆಯ ಸುತ್ತಲಿನ ಕಲ್ಲು ಹಸಿರು ಕ್ಲೋರೈಟ್ ಆಗಿ ಬದಲಾಗುತ್ತದೆ. ಅದರಾಚೆ ರೇಷ್ಮೆಯ ಹೊಳಪಿನ ಸೆರಿಸೈಟ್. ಒಂದು ಬೋರ್‌ನಲ್ಲಿ ಬರೀ ಕ್ಲೋರೈಟ್ ಮತ್ತು ಒಂದಿಷ್ಟು ತಾಮ್ರದ ಎಳೆ ಸಿಕ್ಕರೆ, ಗ್ರೇಡ್, ಅಂದರೆ ಕಲ್ಲಿನಲ್ಲಿ ಲೋಹದ ಪಾಲು ಎಷ್ಟು ಅಂತ ಮಾತ್ರ, ನೋಡುವವನು "ಬರೀ ಕಾಲು ಪರ್ಸೆಂಟ್" ಅಂತ ಮುಖ ಸಿಂಡರಿಸುತ್ತಾನೆ. ಕಲ್ಲು ಓದುವವನು ಒಲೆಯ ಬುಡ ಸಿಕ್ಕಿತು, ಪಾತ್ರೆ, ಅಂದರೆ ಗಟ್ಟಿ ಅದಿರು, ಇಲ್ಲೇ ಎಲ್ಲೋ ಇರಬೇಕು ಅಂತ ಎದ್ದು ಕೂರುತ್ತಾನೆ.

ಪಾತ್ರೆ ಮೇಲೇ ಇರಬೇಕಲ್ವಾ? ಇಲ್ಲೇ ಎಡವುವುದು. ಕೋಟ್ಯಂತರ ವರ್ಷಗಳಲ್ಲಿ ಪದರಗಳು ಮಡಿಚಿರುತ್ತವೆ, ಎಷ್ಟೋ ಕಡೆ ಪೂರ್ತಿ ಮಗುಚಿರುತ್ತವೆ. ಹುಟ್ಟಿದಾಗಿನ ಮೇಲು ಈಗ ಕೆಳಗಿರಬಹುದು. ಪಿಲ್ಲೋ ಲಾವಾ, ಅಂದರೆ ನೀರಿನಡಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ, ಇದ್ದರೆ ಪತ್ತೆ ಸುಲಭ: ದಿಂಬಿನ ಉಬ್ಬು ಮೂಲದ ಮೇಲ್ಭಾಗ, ಚೂಪಾದ ಬಾಲ ಕೆಳಭಾಗ. ಇದನ್ನು ಗಮನಿಸದೆ ತಪ್ಪು ಕಡೆಗೆ ಹತ್ತು ಬೋರ್ ಹಾಕಿ, ಬೆಟ್ಟ ಅಗೆದು ಇಲಿ ಹಿಡಿದು ಹೋದವರು ಇದ್ದಾರೆ. ನಿಮ್ಮ ವರದಿಯಲ್ಲಿ "ಯಾವ ಕಡೆ ಮೂಲದ ಮೇಲು" ಅಂತ ಯಾವ ಕಂಪನಿ ಮೊದಲು ಬರೆಯಿತು ನೋಡಿ. ಅದಕ್ಕಿಂತ ಹಿಂದಿನ ಬೋರ್‌ಗಳನ್ನೆಲ್ಲ ನಾನಾದರೆ ಅನುಮಾನದಿಂದಲೇ ನೋಡುತ್ತೇನೆ.

ಈಗ ಆ ನಾಲ್ಕು ಜನರ ವಿಷಯಕ್ಕೆ ಬರೋಣ. ಎಲ್ಲರಿಗಿಂತ ಮೊದಲು ಬರುವವರು ಗಾಸನ್ ಹಿಡಿದು ಬರುತ್ತಾರೆ. ಸಲ್ಫೈಡ್ ಗಾಳಿ, ಮಳೆಗೆ ತುಕ್ಕು ಹಿಡಿದು ಆಗುವ ಕೆಂಪು, ಕಂದು ಬಣ್ಣದ ತೂತು ತೂತಾದ ಕಲ್ಲೇ ಗಾಸನ್. ಅದನ್ನು ಓದುವುದು ಕಷ್ಟ. ಸತು ಕರಗಿ ಹೋಗಿರುತ್ತದೆ. ತಾಮ್ರ ಕೆಳಗಿಳಿದು ಅಂತರ್ಜಲದ ಮಟ್ಟದಲ್ಲಿ ಮತ್ತೆ ಕೂತು ತೆಳುವಾದ ಶ್ರೀಮಂತ ಪದರವಾಗುತ್ತದೆ. ಸೀಸ, ಚಿನ್ನ ಮೇಲೇ ಉಳಿಯುತ್ತವೆ. ಹಳಬರು ಈ ಶ್ರೀಮಂತ ಭಾಗ ಬಾಚಿಕೊಂಡು, ನೀರು ಬಂದ ಕಡೆ ನಿಲ್ಲಿಸಿಬಿಡುತ್ತಿದ್ದರು. ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಚಾರ್ಲ್ಸ್ ರಾಸ್ಪ್ 1883ರಲ್ಲಿ ಗೂಟ ಹೊಡೆದದ್ದು ತವರ ಅಂದುಕೊಂಡು. ಸಿಕ್ಕಿದ್ದು ಸೀಸ, ಬೆಳ್ಳಿ, ಸತು. ಅಲ್ಲೂ ಆಳದ ಸಲ್ಫೈಡ್‌ನಲ್ಲಿ ಸತುವನ್ನು ಬೇರ್ಪಡಿಸುವ ದಾರಿ ಗೊತ್ತಿಲ್ಲದೆ ಅದನ್ನು ಕಸದ ರಾಶಿಗೆ ಸುರಿಯುತ್ತಿದ್ದರು. 1900ರ ನಂತರ ಫ್ಲೊಟೇಷನ್ ಬಂತು, ಅಂದರೆ ಪುಡಿ ಮಾಡಿದ ಅದಿರನ್ನು ನೊರೆಯಲ್ಲಿ ತೇಲಿಸಿ ತೆಗೆಯುವ ವಿಧಾನ. ಕಸದ ರಾಶಿಗಳೇ ಅದಿರಾದವು. ಭಾರತದ ರಾಂಪುರಾ ಅಗುಚಾ ಕೂಡ ಹೀಗೆಯೇ. ಹಳೆಯ ಕಾಲದವರು ಅಗೆದು ಕಿಟ್ಟದ ರಾಶಿ ಬಿಟ್ಟಿದ್ದ ಜಾಗ. 1977ರಲ್ಲಿ ರಾಜಸ್ಥಾನ ಸರ್ಕಾರದ ಗಣಿ ಇಲಾಖೆಯ ಭೂವಿಜ್ಞಾನಿಯೊಬ್ಬರು ಅಲ್ಲಿನ ಗಾಸನ್ ಗುರುತಿಸಿದ ಮೇಲೆ, ಜಗತ್ತಿನ ದೊಡ್ಡ ಸತುವಿನ ಗಣಿಗಳಲ್ಲಿ ಒಂದು ಅದರ ಕೆಳಗಿತ್ತು ಅಂತ ಗೊತ್ತಾಯಿತು.

ಆಮೇಲೆ ಬಂದವರು ಯಂತ್ರ ಹಿಡಿದು ಬಂದರು. ವಿಮಾನದಿಂದ ನೆಲದ ವಿದ್ಯುತ್ ವಾಹಕತೆ ಅಳೆಯುವ ಇಎಂ (ವಿದ್ಯುತ್ಕಾಂತೀಯ) ಸರ್ವೆ ಎರಡನೇ ಮಹಾಯುದ್ಧದ ನಂತರ ಜೋರಾಯಿತು. ಇದರ ದೊಡ್ಡ ಗೆಲುವು ಕೆನಡಾದ ಕಿಡ್ ಕ್ರೀಕ್. ಟಿಮ್ಮಿನ್ಸ್ ಸುತ್ತ 1909ರಿಂದಲೂ ಚಿನ್ನದ ಬೇಟೆ ನಡೆದಿತ್ತು. ಅಲ್ಲಿಂದ ಸುಮಾರು 25 ಕಿಲೋಮೀಟರ್ ಉತ್ತರಕ್ಕೆ, ಜೇಡಿಮಣ್ಣು ಹೊದ್ದ ನೆಲದ ಕೆಳಗೆ, ಟೆಕ್ಸಾಸ್ ಗಲ್ಫ್ ಸಲ್ಫರ್ ಕಂಪನಿಯ ಸರ್ವೆ 1959ರಲ್ಲೇ ಏನೋ ಗುರುತಿಸಿತು. ಆ ಜಮೀನಿನ ಹಕ್ಕು ಸಿಕ್ಕಿ ಮೊದಲ ಬೋರ್ ಹಾಕಲು 1963ರ ನವೆಂಬರ್ ಬಂತು. ಸುಮಾರು 180 ಮೀಟರ್ ಉದ್ದಕ್ಕೆ ಶೇ 8ರಷ್ಟು ಸತು, ಶೇ 1ಕ್ಕಿಂತ ಹೆಚ್ಚು ತಾಮ್ರ, ಜೊತೆಗೆ ಬೆಳ್ಳಿ! ಕಂಪನಿ ಆ ಬೋರ್ ಮುಚ್ಚಿಟ್ಟು, ಯಾರಿಗೂ ಅನುಮಾನ ಬಾರದಿರಲಿ ಅಂತ ಬೇರೆ ಕಡೆ ಬೇಕೆಂದೇ ಒಂದು ಖಾಲಿ ಬೋರ್ ಕೊರೆಯಿತು. ಆಮೇಲೆ ಷೇರು ವ್ಯವಹಾರದ ಮೇಲೆ ನಡೆದ ಕೇಸನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಆದರೆ ಇಎಂ ಕುರುಡು ಯಾವುದಕ್ಕೆ ಗೊತ್ತೇ? ಸತುವಿಗೆ. ಸತುವಿನ ಮುಖ್ಯ ಖನಿಜ ಸ್ಫಾಲರೈಟ್ ವಿದ್ಯುತ್ ಹರಿಸುವುದಿಲ್ಲ ಅನ್ನಬಹುದು. ಯಂತ್ರ ಕೂಗುವುದು ಕಬ್ಬಿಣದ ಸಲ್ಫೈಡ್ ಆದ ಪೈರೊಟೈಟ್‌ಗೆ, ತಾಮ್ರದ ಖನಿಜ ಚಾಲ್ಕೊಪೈರೈಟ್‌ಗೆ, ಮತ್ತೆ ಮೂರು ಕಾಸಿನ ಬೆಲೆಯಿಲ್ಲದ ಗ್ರಾಫೈಟ್ ಕಲ್ಲಿಗೆ. ಹಾಗಾಗಿ "ಆರು ಇಎಂ ಗುರಿಗಳನ್ನು ಕೊರೆದೆವು, ಐದರಲ್ಲಿ ಗ್ರಾಫೈಟ್" ಅಂತ ಬರೆದು ಎದ್ದು ಹೋದ ಕಂಪನಿ, ಸತು ಮತ್ತು ಬೆಳ್ಳಿ ಇರುವ ಮೇಲಂಚನ್ನು ಮುಟ್ಟದೇ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಚಿನ್ನದ ಕಥೆ ಇನ್ನೂ ಸರಳ. 1934ರಿಂದ 1971ರವರೆಗೆ ಚಿನ್ನದ ಅಧಿಕೃತ ಬೆಲೆ ಔನ್ಸ್‌ಗೆ 35 ಡಾಲರ್‌ಗೆ ಕಟ್ಟಿಹಾಕಿತ್ತು. ತಾಮ್ರ ಹುಡುಕುವವನಿಗೆ ಪ್ರತಿ ಮೀಟರ್ ಕೋರನ್ನು ಚಿನ್ನಕ್ಕೂ ಪರೀಕ್ಷೆ ಮಾಡಿಸುವುದು ಸುಮ್ನೆ ದುಡ್ಡು ದಂಡ ಅನಿಸುತ್ತಿತ್ತು. 1960ರ ದಶಕದ ಲಾಗ್‌ಗಳಲ್ಲಿ, ಅಂದರೆ ಕೋರ್ ನೋಡಿ ಬರೆದ ದಾಖಲೆಗಳಲ್ಲಿ, ಚಿನ್ನದ ಕಾಲಂ ಖಾಲಿ ಇದ್ದರೆ ಅದನ್ನು ಸೊನ್ನೆ ಅಂತ ಓದಬೇಡಿ. ಅಳೆದೇ ಇಲ್ಲ ಅಂತ ಓದಿ.

ಇದನ್ನು ಬೋಧನೆಯಂತೆ ಹೇಳುತ್ತಿಲ್ಲ, ಸ್ವತಃ ತಪ್ಪು ಮಾಡಿದವನು ನಾನು. ಕೆಲಸಕ್ಕೆ ಸೇರಿದ ಹೊಸತು. ಒಂದು ಬೋರ್‌ನಲ್ಲಿ ಹನ್ನೊಂದು ಮೀಟರ್ ಗಟ್ಟಿ ಸಲ್ಫೈಡ್ ಬಂತು, ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಬಜೆಟ್ ಬಿಗಿ ಇತ್ತು. ಹೊಳೆಯುವುದನ್ನಷ್ಟೇ ಗುರುತು ಹಾಕಿ ಲ್ಯಾಬ್‌ಗೆ ಕಳಿಸಿದೆ. ಅದರ ಪಕ್ಕದ ಬೂದು ಬಣ್ಣದ ಸೆರಿಸೈಟ್ ಕಲ್ಲು ಸಪ್ಪೆಯಾಗಿತ್ತು, ಹಾಗೇ ಪೆಟ್ಟಿಗೆಯಲ್ಲಿ ಬಿಟ್ಟೆ. ಸಲ್ಫೈಡ್‌ನಲ್ಲಿ ಪೈರೈಟ್ (ಬರೀ ಕಬ್ಬಿಣ, ಗಂಧಕ) ಬಿಟ್ಟು ಹೆಚ್ಚೇನೂ ಇರಲಿಲ್ಲ. ಆ ಜಾಗವನ್ನೇ ಬಿಟ್ಟೆವು. ವರ್ಷಗಳ ನಂತರ ಬೇರೆಯವರು ಅದೇ ಪೆಟ್ಟಿಗೆ ತೆಗೆದು, ನಾನು ಬಿಟ್ಟಿದ್ದ ಸಪ್ಪೆ ಕಲ್ಲನ್ನು ಕತ್ತರಿಸಿ ಕಳಿಸಿದರು. ನಾಲ್ಕು ಮೀಟರ್, ಟನ್ನಿಗೆ ಮೂರು ಗ್ರಾಂ ಚಿನ್ನ. ಗಣಿ ಆಗುವಷ್ಟಲ್ಲ, ನಿಜ. ಆದರೆ ಲಾಗ್‌ನ ಕೆಳಗೆ ನನ್ನ ಸಹಿ ಇತ್ತು. ಆ ಪುಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಕೆಲವರು ಬಿಟ್ಟು ಹೋಗುವುದು ದುಡ್ಡು ಮುಗಿದು, ತಾಮ್ರದ ಬೆಲೆ ಬಿದ್ದು, ಯಾರೋ ಮ್ಯಾನೇಜರ್ ಬದಲಾಗಿ. ಇದಕ್ಕೆ ಭೂವಿಜ್ಞಾನದ ಅರ್ಥ ಹುಡುಕಬೇಡಿ. ಇನ್ನೂ ನಾಲ್ಕು ಬೋರ್‌ಗೆ ದುಡ್ಡು ಇದ್ದಿದ್ದರೆ ಅಂತ ಅನಿಸುವ ಕಥೆಗಳೂ ಇವೆ. ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್‌ನಲ್ಲಿ ಅದಿರಿನ ಮೇಲೆ ಮುನ್ನೂರು ಮೀಟರ್‌ಗೂ ಹೆಚ್ಚು ದಪ್ಪದ ಬರಡು ಕಲ್ಲು. 1975ರ ಮೊದಲ ಬೋರ್‌ನಲ್ಲಿ 38 ಮೀಟರ್‌ಗೆ ಶೇ 1ರಷ್ಟು ತಾಮ್ರ ಸಿಕ್ಕಿತು. ಮುಂದಿನ ಬೋರ್‌ಗಳಲ್ಲಿ ಹೆಚ್ಚಿನವು ನಿರಾಸೆ ಮಾಡಿದವು. 1976ರ ಕೊನೆಗೆ ಹತ್ತನೆಯದರಲ್ಲಿ 170 ಮೀಟರ್, ಶೇ 2.1. ಅಲ್ಲಿ ಕೊರೆಯುತ್ತಿದ್ದ ವೆಸ್ಟರ್ನ್ ಮೈನಿಂಗ್ ಕಂಪನಿಯವರು ಎಂಟಕ್ಕೇ ನಿಲ್ಲಿಸಿದ್ದರೆ ಆ ಜಾಗವೂ ನಿಮ್ಮದರಂತೆ ಒಂದು "ಹಿಂದೆ ಕೊರೆದ ಪ್ರಾಸ್ಪೆಕ್ಟ್" ಆಗಿರುತ್ತಿತ್ತು. ಆದರೆ ಇಂಥ ಕಥೆ ಹೇಳಿಯೇ ಸಣ್ಣ ಕಂಪನಿಗಳು ದುಡ್ಡು ಎತ್ತುತ್ತವೆ. ಸಾವಿರ ಪ್ರಾಸ್ಪೆಕ್ಟ್‌ಗಳಲ್ಲಿ ಹತ್ತನೇ ಬೋರ್ ಕೂಡ ಖಾಲಿ ಬರುತ್ತದೆ, ಅದರ ಕಥೆ ಯಾರೂ ಹೇಳುವುದಿಲ್ಲ.

ಅಂಕಿಗಳ ಬಗ್ಗೆ ಎರಡು ಮಾತು. "8 ಮೀಟರ್‌ಗೆ ಶೇ 2 ಸತು, ಅದರೊಳಗೆ 1 ಮೀಟರ್‌ಗೆ ಶೇ 14" ಅಂತ ಬರೆದಿದ್ದರೆ ಲೆಕ್ಕ ಹಾಕಿ. ಒಟ್ಟು 16ರಲ್ಲಿ 14 ಆ ಒಂದೇ ಮೀಟರ್‌ನಲ್ಲಿದೆ. ಉಳಿದ ಏಳು ಮೀಟರ್‌ನಲ್ಲಿ ಶೇ 0.3 ಕೂಡ ಇಲ್ಲ. ಇನ್ನು ಬೋರ್ ಪದರವನ್ನು ಓರೆಯಾಗಿ ಕಡಿದಿದ್ದರೆ 20 ಮೀಟರ್ ಅಂತ ಬರೆದದ್ದು ನಿಜದಲ್ಲಿ 5 ಮೀಟರ್ ದಪ್ಪ ಇರಬಹುದು. ನಾಲ್ಕು ಲೋಹಗಳನ್ನೂ ಬೆಲೆಯ ಲೆಕ್ಕದಲ್ಲಿ ಸೇರಿಸಿ "ತಾಮ್ರ ಸಮಾನ" ಅಂತ ಒಂದೇ ಅಂಕಿ ಕೊಟ್ಟಿದ್ದರೆ, ಎಷ್ಟು ಲೋಹ ನಿಜವಾಗಿ ಹೊರಗೆ ಬರುತ್ತದೆ ಅಂತ ಹಿಡಿದಿದ್ದಾರೆ ನೋಡಿ. ಪೈರೈಟ್‌ನ ಒಳಗೇ ಸಿಕ್ಕಿಕೊಂಡ ಚಿನ್ನ, ಚಿನ್ನ ಕರಗಿಸಿ ತೆಗೆಯಲು ಬಳಸುವ ಸಯನೈಡ್‌ಗೆ ಸುಲಭಕ್ಕೆ ಬರುವುದಿಲ್ಲ. ಆರ್ಸೆನಿಕ್ ಇದ್ದರೆ ಅದಿರು ಕೊಂಡು ಕರಗಿಸುವವರು ದಂಡ ಹಾಕುತ್ತಾರೆ. ಗ್ರೇಡ್ ಚೆನ್ನಾಗಿದ್ದೂ ಗಣಿ ಆಗದ ಎಷ್ಟೋ ಜಾಗಗಳ ಗುಟ್ಟು ಇದೇ.

ಹಾಗಾದರೆ ಐದನೆಯವರನ್ನು ಏನು ಕೇಳಬೇಕು? ನಾನು ಮೊದಲು ಕೇಳುವುದು ಹಳೆ ಕೋರ್ ಎಲ್ಲಿದೆ ಅಂತ. ಇಂಡೋನೇಷ್ಯಾದ ಬುಸಾಂಗ್‌ನಲ್ಲಿ 7 ಕೋಟಿ ಔನ್ಸ್ ಚಿನ್ನ ಇದೆ ಅಂತ ಬ್ರೆ-ಎಕ್ಸ್ ಎಂಬ ಕಂಪನಿ ನಂಬಿಸಿತ್ತು. ಅರ್ಧ ಸೀಳಿ ಇಟ್ಟುಕೊಳ್ಳುವ ವಾಡಿಕೆ ಬಿಟ್ಟು, ಕೋರ್ ಪೂರ್ತಿ ಪುಡಿ ಮಾಡಿಸಿತ್ತು. 1997ರಲ್ಲಿ ಪರಿಶೀಲಿಸಿದಾಗ ಚಿನ್ನವೇ ಇರಲಿಲ್ಲ, ಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದರು. ನಿಮ್ಮ ಕಂಪನಿಯವರು ಹಳೆ ಪೆಟ್ಟಿಗೆಗಳನ್ನು ತೆರೆದು ಮತ್ತೆ ಲಾಗ್ ಮಾಡಿದ್ದರೆ, ಖಾಲಿ ಬಿಟ್ಟ ಭಾಗಗಳನ್ನು ಪರೀಕ್ಷೆಗೆ ಕಳಿಸಿದ್ದರೆ, ಹಳೆ ಬೋರ್ ಒಂದೆರಡರ ಪಕ್ಕದಲ್ಲೇ ಮತ್ತೆ ಕೊರೆದು ತಾಳೆ ನೋಡಿದ್ದರೆ, ಹಳೆ ಬೋರ್‌ನೊಳಗೆ ಇಎಂ ಇಳಿಸಿ ಅಕ್ಕಪಕ್ಕ ತಪ್ಪಿಹೋದದ್ದನ್ನು ಹುಡುಕಿದ್ದರೆ, ಅವರು ಕೆಲಸ ಮಾಡುವವರು. ಹಳೆಯ ಅಂಕಿಗಳಿಗೇ ಹೊಸ ಬಣ್ಣದ ಮ್ಯಾಪ್ ಹಾಕಿದ್ದರೆ ನಾನು ದುಡ್ಡು ಹಾಕುವುದಿಲ್ಲ. ಕೋರ್ ಹಾಳಾಗಿದೆ ಅನ್ನುವುದು ನಿಜವೂ ಇರಬಹುದು. ಪೈರೈಟ್ ತುಂಬಿದ ಕೋರ್ ಮಳೆಗೆ ಸಿಕ್ಕರೆ ಆಮ್ಲ ಬಿಟ್ಟು ಪೆಟ್ಟಿಗೆಯನ್ನೇ ತಿಂದು ಹಾಕುತ್ತದೆ, ನಾನೇ ನೋಡಿದ್ದೇನೆ. ಆಗ ಮತ್ತೆ ಕೊರೆಯದೆ ಬೇರೆ ದಾರಿ ಇಲ್ಲ.

ವರದಿಯಲ್ಲಿ ಬೋರ್‌ಗಳ ಮ್ಯಾಪ್ ಮತ್ತು ಒಂದು ಅಡ್ಡಸೀಳು ಚಿತ್ರ ಇದ್ದೇ ಇರುತ್ತದೆ. ಅದನ್ನು ಇಲ್ಲಿ ಹಾಕಿ. ಮೊದಲ ನಾಲ್ವರು ಯಾವ ಕಡೆ ಮುಖ ಮಾಡಿ ಕೊರೆದಿದ್ದಾರೆ ಅಂತ ನೋಡಿ ಹೇಳುತ್ತೇನೆ.